ಮೊಬೈಲ್‌ನಲ್ಲಿ ಎದ್ದ ಅಲೆ ಮತಗಟ್ಟೆ ತನಕ ಬರುತ್ತದಾ? ನೀವೇ ಅಳೆದು ನೋಡುವ ಬಗೆ

2019ರ ಏಪ್ರಿಲ್ 18. ಕರ್ನಾಟಕದ 14 ಲೋಕಸಭಾ ಕ್ಷೇತ್ರಗಳಲ್ಲಿ ಅವತ್ತು ಮತದಾನ. ಬೆಂಗಳೂರು ಸೆಂಟ್ರಲ್‌ನಲ್ಲಿ ಪ್ರಕಾಶ್ ರಾಜ್ ನಿಂತಿದ್ದರು. ಮಂಡ್ಯದಲ್ಲಿ ಸುಮಲತಾ ಅಂಬರೀಶ್. ಇಬ್ಬರೂ ಸಿನಿಮಾದವರು, ಇಬ್ಬರೂ ಪಕ್ಷೇತರರು, ಇಬ್ಬರಿಗೂ ಅದು ಮೊದಲ ಚುನಾವಣೆ. ಟ್ವಿಟರ್, ಫೇಸ್‌ಬುಕ್, ವಾಟ್ಸಾಪ್ ಯಾವುದನ್ನು ತೆರೆದರೂ ಇಬ್ಬರ ಹೆಸರೂ ಓಡಾಡುತ್ತಿತ್ತು.

ಮೇ 23ರಂದು ಎಣಿಕೆ ಮುಗಿಯಿತು. ಸುಮಲತಾ ಅವರಿಗೆ 7,03,660 ಮತ. ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ಅವರನ್ನು 1,25,876 ಮತಗಳಿಂದ ಸೋಲಿಸಿದ್ದರು. ಪ್ರಕಾಶ್ ರಾಜ್ ಅವರಿಗೆ ಬಂದದ್ದು 28,906. ಠೇವಣಿಯೂ ಉಳಿಯಲಿಲ್ಲ.

ಬರೀ ಮೊಬೈಲ್ ನೋಡಿಕೊಂಡು ಕೂತವರಿಗೆ ಈ ಎರಡು ಕ್ಷೇತ್ರಗಳ ವ್ಯತ್ಯಾಸ ಗೊತ್ತಾಗುವ ಹಾಗೆಯೇ ಇರಲಿಲ್ಲ. ಆದರೆ ಗೊತ್ತು ಮಾಡಿಕೊಳ್ಳುವ ದಾರಿ ಇತ್ತು. ಆ ದಾರಿ ಯಾರು ಬೇಕಾದರೂ ನಡೆಯಬಹುದಾದಷ್ಟು ಸುಲಭ. ಅದನ್ನೇ ಇಲ್ಲಿ ಹೇಳುತ್ತೇನೆ.

ನಿಮಗೆ ಪಕ್ಷಗಳ ಹೊರಗಿನಿಂದ ಬಂದ ಒಬ್ಬ ಅಭ್ಯರ್ಥಿ ಮನಸಾರೆ ಇಷ್ಟವಾಗಿದ್ದಾರೆ ಅಂದುಕೊಳ್ಳಿ. ಅವರಿಗೆ ದುಡ್ಡು ಕೊಡಬೇಕಾ, ರಜೆ ಹಾಕಿ ಓಡಾಡಬೇಕಾ, ಅಪ್ಪ ಅಮ್ಮನಿಗೂ ಹೇಳಬೇಕಾ ಅಂತ ಯೋಚಿಸುತ್ತಿದ್ದೀರಿ. ನಾನೂ ಆ ಜಾಗದಲ್ಲಿ ಇದ್ದವನು. ಇಂಥವರು ಗೆಲ್ಲಬೇಕು ಅಂತ ಈಗಲೂ ಬಯಸುವವನು. ಹಾಗಾಗಿಯೇ ಬೆಂಬಲ ನಿಜವಾಗಿ ಎಷ್ಟಿದೆ ಅನ್ನುವುದು ಎಣಿಕೆಗೆ ಎರಡು ತಿಂಗಳು ಮುಂಚೆ ಗೊತ್ತಾಗಬೇಕು ಅನ್ನುತ್ತೇನೆ. ಆಗ ಸರಿಮಾಡಿಕೊಳ್ಳಲು ಟೈಮ್ ಇರುತ್ತದೆ. ಒಂದು ನೋಟ್‌ಬುಕ್ಕು, ನಾಲ್ಕೈದು ಭಾನುವಾರ ಸಾಕು.

ಹೆಜ್ಜೆ 1: ಆನ್‌ಲೈನ್ ಬೆಂಬಲಿಗರಲ್ಲಿ ಈ ಕ್ಷೇತ್ರದ ಮತದಾರರು ಎಷ್ಟು ಜನ?

ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಬಹಳಷ್ಟು ಸಲ ಇದೊಂದರಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲಿ ನಾನು ಪಕ್ಷೇತರರೊಬ್ಬರ ಪರ ಓಡಾಡಿದ್ದೆ. ನಮ್ಮ ವಾಟ್ಸಾಪ್ ಗ್ರೂಪ್ ತುಂಬಿ ತುಳುಕುತ್ತಿತ್ತು. ಬೆಳಿಗ್ಗೆ ಐದೂವರೆಗೆ ಶುರುವಾದ ಮೆಸೇಜು ರಾತ್ರಿ ಹನ್ನೆರಡಾದರೂ ನಿಲ್ಲುತ್ತಿರಲಿಲ್ಲ. ಎಲ್ಲರಲ್ಲೂ ಗೆದ್ದೇಬಿಟ್ಟೆವು ಅನ್ನುವ ಹುರುಪು. ಒಂದು ದಿನ ನಮ್ಮ ಜೊತೆಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಗ್ರೂಪಿನಲ್ಲಿ ಒಂದೇ ಸಾಲು ಬರೆದರು: "ದಯವಿಟ್ಟು ಎಲ್ಲರೂ ಮತದಾರರ ಪಟ್ಟಿಯಲ್ಲಿ ನಿಮ್ಮ ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಕಳಿಸಿ."

ಗ್ರೂಪ್ ತಣ್ಣಗಾಯಿತು. ಸಂಜೆ ಹೊತ್ತಿಗೆ ಒಬ್ಬೊಬ್ಬರೇ ಉತ್ತರ ಕೊಟ್ಟರು. ಒಬ್ಬರ ಓಟು ಹಾಸನದಲ್ಲಿ. ಇನ್ನೊಬ್ಬರದು ದಾವಣಗೆರೆಯಲ್ಲಿ. ಬೆಂಗಳೂರಿನಲ್ಲೇ ಇದ್ದರೂ ಪಕ್ಕದ ಕ್ಷೇತ್ರದವರು ಒಂದಷ್ಟು ಜನ. ದುಬೈನಲ್ಲಿದ್ದ ಗೆಳೆಯರೊಬ್ಬರಿಗೆ ಎಲ್ಲೂ ಓಟಿಲ್ಲ. ನಿಜವಾಗಿ ನಮ್ಮ ಕ್ಷೇತ್ರದ ಪಟ್ಟಿಯಲ್ಲಿದ್ದವರನ್ನು ಮೇಷ್ಟ್ರು ಕೆಂಪು ಪೆನ್ನಲ್ಲಿ ಬರೆದುಕೊಂಡರು. ಒಂದು ಹಾಳೆ ತುಂಬಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲರ ಪ್ರೀತಿಯೂ ನಿಜವಾದದ್ದೇ. ಆದರೆ ಓಟು ಒಂದು ಊರಿಗೆ, ಒಂದು ಬೀದಿಗೆ, ಒಂದು ಮತಗಟ್ಟೆಗೆ ಕಟ್ಟುಬಿದ್ದದ್ದು. ಹೊರದೇಶದಲ್ಲಿರುವ ನಮ್ಮವರು ಭಾರತದ ಪೌರತ್ವ ಉಳಿಸಿಕೊಂಡಿದ್ದರೆ ಪಟ್ಟಿಗೆ ಹೆಸರು ಸೇರಿಸಬಹುದು. ಆದರೂ ಓಟು ಹಾಕಲು ಅವರೇ ಬಂದು ಮತಗಟ್ಟೆಯಲ್ಲಿ ನಿಲ್ಲಬೇಕು.

ಮಣಿಪುರದ ಇರೋಮ್ ಶರ್ಮಿಳಾ ಅವರನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. 16 ವರ್ಷ ಉಪವಾಸ ಮಾಡಿದವರು. ಜಗತ್ತೇ ಅವರ ಹೆಸರು ಹೇಳುತ್ತಿತ್ತು. 2017ರಲ್ಲಿ ತೌಬಾಲ್ ಕ್ಷೇತ್ರದಿಂದ ಆಗಿನ ಮುಖ್ಯಮಂತ್ರಿ ಇಬೋಬಿ ಸಿಂಗ್ ವಿರುದ್ಧ ನಿಂತರು. ಬಂದದ್ದು 90 ಮತ. ಅಲ್ಲಿ ನೋಟಾಗೇ 143 ಬಿದ್ದಿತ್ತು. ಅವರನ್ನು ಗೌರವಿಸುವ ಲಕ್ಷಾಂತರ ಜನರಿಗೆ ತೌಬಾಲ್‌ನಲ್ಲಿ ಓಟು ಇರಲಿಲ್ಲ.

ಹಾಗಾಗಿ ನಿಮ್ಮ ಅಭ್ಯರ್ಥಿಯ ಪೋಸ್ಟಿನ ಕೆಳಗೆ ಬಂದ ಮೊದಲ 100 ಕಾಮೆಂಟು ತೆಗೆದುಕೊಳ್ಳಿ. ಒಬ್ಬೊಬ್ಬರ ಊರು ಯಾವುದು ಅಂತ ತಿಳಿದಷ್ಟು ಬರೆಯಿರಿ. ಊರು ಗೊತ್ತಾಗದವರನ್ನು ಬೆಂಬಲಿಗರ ಲೆಕ್ಕಕ್ಕೆ ಸೇರಿಸಬೇಡಿ. ಗ್ರೂಪ್ ಇದ್ದರೆ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಕೇಳಿ.

ಹೆಜ್ಜೆ 2: ಒಂದು ಬೂತಿಗೆ ಎಷ್ಟು ಓಟು ಬೇಕು ಅಂತ ಲೆಕ್ಕ ಹಾಕಿ

"ಒಳ್ಳೆ ರೆಸ್ಪಾನ್ಸ್ ಇದೆ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ಬೇಕು ಅಂತ ಮೊದಲು ಗೊತ್ತಿರಬೇಕು, ಆಮೇಲೆ ಎಷ್ಟಿದೆ ಅಂತ ನೋಡಬೇಕು.

ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ 250ರ ಆಸುಪಾಸು ಮತಗಟ್ಟೆ ಇರುತ್ತವೆ. ಲೆಕ್ಕಕ್ಕೆ ಅಂತ ಎರಡೂವರೆ ಲಕ್ಷ ಮತದಾರರು ಇಟ್ಟುಕೊಳ್ಳಿ. ನೂರಕ್ಕೆ 55 ಜನ ಓಟು ಹಾಕಿದರೆ 1,37,500 ಆಯಿತು. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ದಾಟಬೇಕು. ಅಂದರೆ 23,000ದ ಹತ್ತಿರ. ತ್ರಿಕೋನ ಸ್ಪರ್ಧೆಯಲ್ಲಿ ಗೆಲ್ಲಲು ನೂರಕ್ಕೆ 40 ಬೇಕು ಅಂದುಕೊಂಡರೆ 55,000.

ಈಗ ಇದನ್ನು 250ರಿಂದ ಭಾಗಿಸಿ. ಠೇವಣಿ ಉಳಿಸಲು ಒಂದೊಂದು ಬೂತಿನಲ್ಲೂ 92 ಓಟು. ಗೆಲ್ಲಲು 220.

ಬೂತಿನ ಲೆಕ್ಕಕ್ಕೆ ಇಳಿದರೆ ಮನಸ್ಸಿಗೆ ಸ್ಪಷ್ಟ ಚಿತ್ರ ಸಿಗುತ್ತದೆ. ನಿಮ್ಮ ಬೂತು ಅಂದರೆ ನಿಮ್ಮ ಬೀದಿ, ಹಿಂದಿನ ಎರಡು ಕ್ರಾಸು, ಆ ಗಣಪತಿ ದೇವಸ್ಥಾನದ ಪಕ್ಕದ ವಠಾರ. ಇಲ್ಲಿ 220 ಜನ ನಮ್ಮವರಿಗೆ ಒತ್ತುತ್ತಾರಾ? ಹೆಸರು ಹಿಡಿದು ಎಷ್ಟು ಜನರನ್ನು ಹೇಳಬಲ್ಲಿರಿ? ನಾನು ಮೊದಲ ಸಲ ಬರೆಯಲು ಕೂತಾಗ ಹದಿನಾಲ್ಕಕ್ಕೆ ಪೆನ್ನು ನಿಂತಿತು. ಅದರಲ್ಲಿ ನಾಲ್ಕು ನಮ್ಮ ಮನೆಯವೇ.

ನಗರದಲ್ಲಿದ್ದರೆ ಇನ್ನೊಂದು ವಿಷಯ ಗಮನಿಸಿ. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ಮತದಾನ ಆದದ್ದು ನೂರಕ್ಕೆ ಸುಮಾರು 54. ಮಂಡ್ಯದಲ್ಲಿ ಸುಮಾರು 80. ಆನ್‌ಲೈನಿನಲ್ಲಿ ಹೆಚ್ಚು ಮಾತಾಡುವ ಊರು ಮತಗಟ್ಟೆಗೆ ಕಡಿಮೆ ಬರುತ್ತಿದೆ. ನಿಮ್ಮ ಬೆಂಬಲಿಗರು ಹೆಚ್ಚಾಗಿ ಅಪಾರ್ಟ್‌ಮೆಂಟಿನ ಯುವಕರಾದರೆ ಅವರು ಹೇಳಿದ "ಹೌದು"ಗಳಲ್ಲಿ ಒಂದಷ್ಟನ್ನು ಈಗಲೇ ಕಳೆದುಬಿಡಿ.

ಹೆಜ್ಜೆ 3: ಬೆಂಬಲಕ್ಕೆ ಅವರು ಕೊಟ್ಟ ಬೆಲೆ ಏನು?

ಲೈಕ್ ಒತ್ತಲು ಏನೂ ಖರ್ಚಿಲ್ಲ. ಆನ್‌ಲೈನ್ ಪೋಲ್‌ಗಂತೂ ಗೆಳೆಯರಿಗೆಲ್ಲ ಲಿಂಕ್ ಕಳಿಸಿ ಓಟು ಹಾಕಿಸಬಹುದು. ದುಡ್ಡು ಕೊಡುವುದು ಒಂದು ಮೆಟ್ಟಿಲು ಮೇಲೆ. ಭಾನುವಾರ ಬಿಸಿಲಲ್ಲಿ ನಡೆಯುವುದು ಇನ್ನೊಂದು ಮೆಟ್ಟಿಲು. ತನ್ನದೇ ಬೀದಿಯಲ್ಲಿ, ತನ್ನದೇ ಜಾತಿಯವರ, ನೆಂಟರ ಮುಂದೆ "ಈ ಸಲ ನಾನು ಇವರಿಗೆ" ಅಂತ ಬಾಯಿಬಿಟ್ಟು ಹೇಳುವುದು ಎಲ್ಲಕ್ಕಿಂತ ಮೇಲೆ. ಹಳ್ಳಿಯಲ್ಲಿ ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಅಂತ ಅಲ್ಲಿ ಬೆಳೆದವರಿಗೆ ಗೊತ್ತು.

ದುಡ್ಡಿನ ಮೆಟ್ಟಿಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದುಡ್ಡು ಬಂತು ಅಂದರೆ ಬೆಂಬಲ ಗಟ್ಟಿ ಅಂತ ಎಲ್ಲರೂ ನಂಬುತ್ತಾರೆ. ಇದನ್ನು ಪರೀಕ್ಷೆ ಮಾಡಲು ಅಮೆರಿಕದ ರಾನ್ ಪಾಲ್ ಅವರ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ರಾನ್ ಪಾಲ್ ಆಗ ಟೆಕ್ಸಸ್‌ನ ಸಂಸದ, ವೃತ್ತಿಯಿಂದ ಡಾಕ್ಟರ್. 2008ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳಿದಾಗ ಅವರಿಗೆ 70 ದಾಟಿತ್ತು. ಪಕ್ಷದ ಹೆಚ್ಚಿನವರು ಇರಾಕ್ ಯುದ್ಧದ ಪರ ಇದ್ದಾಗ ಅವರು ವಿರೋಧಿಸಿದ್ದರು. ಪಕ್ಷದೊಳಗೇ ಹೊರಗಿನವರ ಹಾಗಿದ್ದರು. ಇಂಟರ್ನೆಟ್ಟಿನಲ್ಲಿ ಮಾತ್ರ ಅವರದೇ ರಾಜ್ಯಭಾರ. 2007ರ ಅಕ್ಟೋಬರ್‌ನಲ್ಲಿ ಸಿಎನ್‌ಬಿಸಿ ಚಾನೆಲ್ ಒಂದು ಚರ್ಚೆ ನಡೆಸಿ, ಗೆದ್ದವರು ಯಾರು ಅಂತ ಆನ್‌ಲೈನ್ ಪೋಲ್ ಹಾಕಿತು. ರಾನ್ ಪಾಲ್‌ಗೆ ನೂರಕ್ಕೆ ಸುಮಾರು 75 ಬಂದು, ಚಾನೆಲ್ ಆ ಪೋಲನ್ನೇ ತೆಗೆದುಹಾಕಿತು.

ಆಮೇಲೆ ದುಡ್ಡು ಬಂತು. ನವೆಂಬರ್ 5ರಂದು, ಒಂದೇ ದಿನದಲ್ಲಿ, ಸುಮಾರು 37,000 ಜನ 40 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. ಡಿಸೆಂಬರ್ 16ರಂದು ಮತ್ತೆ ಒಂದೇ ದಿನ, ಸುಮಾರು 60 ಲಕ್ಷ ಡಾಲರ್. ಅಭಿಮಾನಿಗಳು ಅವರ ಹೆಸರು ಬರೆದ ದೊಡ್ಡ ಗಾಳಿಹಡಗನ್ನೇ ಆಕಾಶಕ್ಕೆ ಬಿಟ್ಟರು. ಇವರೆಲ್ಲ ನಕಲಿ ಖಾತೆಗಳಲ್ಲ. ಸ್ವಂತ ಜೇಬಿನಿಂದ ಕೊಟ್ಟ ನಿಜವಾದ ಜನ.

ಅಲ್ಲಿ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸಲು ಒಂದೊಂದು ರಾಜ್ಯದಲ್ಲೂ ಓಟು ನಡೆಯುತ್ತದೆ. 2008ರ ಜನವರಿ 3, ಅಯೋವಾ ರಾಜ್ಯದಲ್ಲಿ ಮೊದಲ ಮತದಾನ. ರಾನ್ ಪಾಲ್‌ಗೆ ಬಂದದ್ದು ಸುಮಾರು 11,800 ಓಟು. ನೂರಕ್ಕೆ ಹತ್ತು, ಐದನೇ ಸ್ಥಾನ. ಐದು ದಿನ ಬಿಟ್ಟು ನ್ಯೂ ಹ್ಯಾಂಪ್‌ಶೈರ್‌ನಲ್ಲೂ ಐದನೇ ಸ್ಥಾನ.

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 37,000 ಜನ ದುಡ್ಡು ಕೊಟ್ಟಿದ್ದು ಇಡೀ ದೇಶದಿಂದ. ಓಟು ನಡೆದದ್ದು ಒಂದು ರಾಜ್ಯದಲ್ಲಿ. ಬೆಂಕಿ ಬಹಳ ಬಿಸಿಯಾಗಿತ್ತು, ಆದರೆ ಒಲೆ ಚಿಕ್ಕದು. ಒಬ್ಬ ಅಭಿಮಾನಿ 100 ಪೋಸ್ಟ್ ಹಾಕಬಹುದು, ನಾಲ್ಕು ಸಲ ದುಡ್ಡು ಕೊಡಬಹುದು. ಓಟು ಮಾತ್ರ ಒಂದೇ. ಆನ್‌ಲೈನಿನಲ್ಲಿ ಕಾಣುವುದು ಒಬ್ಬೊಬ್ಬರ ಪ್ರೀತಿ ಎಷ್ಟು ಆಳ ಅನ್ನುವುದು. ಎಣಿಕೆಯಲ್ಲಿ ಬೇಕಾಗುವುದು ಅದು ಎಷ್ಟು ಅಗಲ ಅನ್ನುವುದು.

ನಿಮ್ಮ ಅಭ್ಯರ್ಥಿಗೆ ದುಡ್ಡು ಬರುತ್ತಿದೆ ಅಂದರೆ ಎರಡು ಪ್ರಶ್ನೆ ಕೇಳಿ. ಕೊಟ್ಟವರಲ್ಲಿ ಕ್ಷೇತ್ರದವರು ಎಷ್ಟು? ಕೊಟ್ಟ ಕೈಗಳು ಎಷ್ಟು? ಒಬ್ಬರ ಒಂದು ಲಕ್ಷಕ್ಕಿಂತ, ಅದೇ ಕ್ಷೇತ್ರದ ಸಾವಿರ ಜನ ಕೊಟ್ಟ ನೂರು ನೂರು ರೂಪಾಯಿ ಹೆಚ್ಚು ತೂಕದ್ದು. 2013ರಲ್ಲಿ ದೆಹಲಿಯ ಆಟೋಗಳ ಬೆನ್ನಿಗೆ ಆಮ್ ಆದ್ಮಿ ಪಕ್ಷದ ಪೋಸ್ಟರ್ ಅಂಟಿದ್ದವು. ದಿನವಿಡೀ ಹತ್ತು ಬಗೆಯ ಗಿರಾಕಿಗಳನ್ನು ಕೂರಿಸಿಕೊಳ್ಳುವ ಆಟೋದವರು ಅದನ್ನು ಅಂಟಿಸಿಕೊಳ್ಳುವುದಕ್ಕೂ ಒಂದು ಬೆಲೆ ಇದೆ. ಆ ಸಲ ಆ ಪಕ್ಷ 70ರಲ್ಲಿ 28 ಗೆದ್ದಿತು. ಮುಂದಿನ ವರ್ಷ ಅದೇ ಹುರುಪಿನಲ್ಲಿ ದೇಶಾದ್ಯಂತ 400ಕ್ಕೂ ಹೆಚ್ಚು ಲೋಕಸಭಾ ಕ್ಷೇತ್ರಗಳಲ್ಲಿ ನಿಂತು ನಾಲ್ಕು ಗೆದ್ದಿತು. ನಾಲ್ಕೂ ಪಂಜಾಬಿನವು. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆಗೆ ಹಾಗೇ ಹಚ್ಚಬೇಡಿ.

ಹೆಜ್ಜೆ 4: ಐದು ಬೂತು ನಡೆದು ಬನ್ನಿ

ನಿಮಗೆ ಪರಿಚಯ ಇರುವ ಜಾಗವನ್ನೇ ಆರಿಸಿಕೊಂಡರೆ ಉತ್ತರ ಕೆಡುತ್ತದೆ. ಹಳೇ ಊರಿನದೊಂದು, ಹೊಸ ಲೇಔಟಿನದೊಂದು, ಅಪಾರ್ಟ್‌ಮೆಂಟ್ ಇರುವುದೊಂದು, ಕೂಲಿ ಮಾಡುವವರು ಹೆಚ್ಚಿರುವುದೊಂದು, ಕ್ಷೇತ್ರದ ಅಂಚಿನ ಹಳ್ಳಿಯೊಂದು. ಬೆಂಗಳೂರು ಸೆಂಟ್ರಲ್‌ನಂಥ ಕ್ಷೇತ್ರದಲ್ಲಿ ಚಾಮರಾಜಪೇಟೆಯ ಗಲ್ಲಿಯೂ ಇದೆ, ಮಹದೇವಪುರದ ಐಟಿ ಕಂಪನಿಗಳ ಸಾಲೂ ಇದೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಆಗುವುದಿಲ್ಲ. ಮತದಾರರ ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲಿ ಭಾಗವಾರು ಸಿಗುತ್ತದೆ. ಇಳಿಸಿಕೊಂಡು, ಒಂದೊಂದು ಬೂತಿನಲ್ಲಿ ಪ್ರತಿ ಹತ್ತನೇ ಮನೆಗೆ ಹೋಗಿ, 20 ಜನರನ್ನು ಮಾತಾಡಿಸಿ. ಒಟ್ಟು 100 ಜನ.

ಹೋಗುವಾಗ ಅಭ್ಯರ್ಥಿಯ ಟೋಪಿ, ಶಾಲು, ಬ್ಯಾಡ್ಜು ಬೇಡ. ಇದು ಬಹಳ ಮುಖ್ಯ. ನಮ್ಮ ಜನ ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸುವುದಿಲ್ಲ. "ನಿಮಗೇ ಹಾಕೋದು ಹೋಗಿ ಸಾರ್" ಅಂತ ಬಂದ ಎಲ್ಲರಿಗೂ ಹೇಳುತ್ತಾರೆ. ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಅದು ಮರ್ಯಾದೆ, ಭರವಸೆ ಅಲ್ಲ. "ನೋಡೋಣ ಬಿಡಿ" ಅಂದರೆ ಹೆಚ್ಚಾಗಿ ಇಲ್ಲ ಅಂತಲೇ ಅರ್ಥ.

"ನಮ್ಮವರಿಗೆ ಹಾಕ್ತೀರಾ?" ಅಂತ ಕೇಳಲೇಬೇಡಿ. ಹೀಗೆ ಕೇಳಿ: ಈ ಸಲ ಯಾರ್ಯಾರು ನಿಂತಿದ್ದಾರೆ ಗೊತ್ತಾ ಅಮ್ಮಾ? ಇಲ್ಲಿ ಯಾರ ಮಾತು ಜಾಸ್ತಿ ನಡೀತಿದೆ? ಹೋದ ಸಲ ಗೆದ್ದವರು ಏನು ಮಾಡಿದ್ರು? ನಿಮ್ಮ ಅಭ್ಯರ್ಥಿಯ ಹೆಸರು ಅವರ ಬಾಯಿಂದ ತಾನಾಗೇ ಬರುತ್ತದಾ ಅಂತ ಕಾಯಿರಿ. ಬಾರದಿದ್ದರೆ ಕೊನೆಯಲ್ಲಿ ನೀವೇ ಹೆಸರು ಹೇಳಿ, ಮುಖ ನೋಡಿ. ನನ್ನ ಅನುಭವದಲ್ಲಿ ಹೊಗಳುವವರಿಗಿಂತ ತಕರಾರು ತೆಗೆಯುವವರೇ ಓಟಿಗೆ ಹತ್ತಿರ. "ಅವರು ಒಳ್ಳೆಯವರು ಬಿಡಿ" ಅನ್ನುವವರ ತಲೆಯಲ್ಲಿ ಯೋಚನೆ ಇಲ್ಲ. "ಗೆದ್ದಮೇಲೆ ಇವರು ನಮ್ಮ ಕೈಗೆ ಸಿಗ್ತಾರಾ? ರೇಷನ್ ಕಾರ್ಡಿಗೆ ಯಾರ ಹತ್ರ ಹೋಗ್ಬೇಕು?" ಅಂತ ಕೇಳಿದ ಹೆಂಗಸು ನಿಜವಾಗಿ ತೂಗಿ ನೋಡುತ್ತಿದ್ದಾರೆ. ಅವರ ಪ್ರಶ್ನೆಯನ್ನು ಅವರ ಮಾತಲ್ಲೇ ಬರೆದುಕೊಳ್ಳಿ.

ಚಿಹ್ನೆ ಸಿಕ್ಕ ಮೇಲಾದರೆ ಚಿಹ್ನೆ ಯಾವುದು ಅಂತಲೂ ಕೇಳಿ. ಪಕ್ಷೇತರರಿಗೆ ನಾಮಪತ್ರ ವಾಪಸು ಪಡೆಯುವ ದಿನ ಮುಗಿದ ಮೇಲೆ ಚಿಹ್ನೆ ಸಿಗುತ್ತದೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಎರಡು ವಾರದ ಆಸುಪಾಸು. ಮಂಡ್ಯದಲ್ಲಿ ಸುಮಲತಾ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ದರು. ಯಂತ್ರದಲ್ಲಿ ಫೋಟೋ ಇರುತ್ತದೆ ನಿಜ. ಆದರೂ ಸುಮಲತಾ ಅಂಬರೀಶ್ ಅವರ ಕಹಳೆ ಊದುವ ರೈತನ ಗುರುತು ಅಷ್ಟು ಬೇಗ ಹಳ್ಳಿ ಹಳ್ಳಿಗೆ ಮುಟ್ಟಿತ್ತು ಅನ್ನುವುದೇ ಅಲ್ಲಿನ ಬೆಂಬಲ ಯಾವ ತರಹದ್ದು ಅಂತ ಹೇಳುತ್ತಿತ್ತು.

100 ಜನರಲ್ಲಿ 10 ಜನ ನಿಮ್ಮವರು ಅಂತ ಬಂದರೆ, ಕ್ಷೇತ್ರದಲ್ಲಿ ನಿಜವಾಗಿ ನೂರಕ್ಕೆ ಐದಾರೇ ಇರಬಹುದು, 16–17 ಕೂಡ ಇರಬಹುದು. ಅಷ್ಟು ಹೆಚ್ಚುಕಡಿಮೆ ಇದ್ದದ್ದೇ. ಆದರೆ 40 ಇರುವ ಸಾಧ್ಯತೆ ಇಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಯಾರು ಯಾರಿಗೆ ಹಾಕುತ್ತಾರೆ ಅನ್ನುವುದನ್ನು ಹೆಸರಿನ ಜೊತೆ ಬರೆಯಬೇಡಿ. ಗುರುತು ಹಾಕಿದರೆ ಸಾಕು. ಓಟು ಗುಟ್ಟಾಗಿ ಇರಬೇಕಾದದ್ದು.

ಹೆಜ್ಜೆ 5: ಬೂತಿನಲ್ಲಿ ಕೂರುವವರು ಯಾರು?

ನನ್ನನ್ನು ಕೇಳಿದರೆ ಇದೊಂದೇ ಪರೀಕ್ಷೆ ಮಾಡಿದರೂ ಸಾಕು.

ಮತದಾನದ ದಿನ ಪ್ರತಿ ಅಭ್ಯರ್ಥಿ ಒಂದೊಂದು ಮತಗಟ್ಟೆಗೆ ಒಬ್ಬ ಏಜೆಂಟರನ್ನು ಕೂರಿಸಬಹುದು. ಬೆಳಿಗ್ಗೆ ಅಣಕು ಮತದಾನದ ಹೊತ್ತಿಗೇ ಅವರು ಅಲ್ಲಿರಬೇಕು. ಸಂಜೆ ಯಂತ್ರಕ್ಕೆ ಸೀಲ್ ಹಾಕಿ, ಒಟ್ಟು ಎಷ್ಟು ಓಟು ಬಿತ್ತು ಅಂತ ಬರೆದ 17ಸಿ ನಮೂನೆಯ ಪ್ರತಿ ಪಡೆದು ಹೊರಡಬೇಕು. ಇಡೀ ದಿನದ ಕೆಲಸ. ಏಜೆಂಟರು ಸ್ಥಳೀಯರಾಗಿದ್ದರೇನೇ ಉಪಯೋಗ. ಯಾಕೆಂದರೆ ಯಾರು ಬಂದರು, ಯಾರು ಇನ್ನೂ ಬರಬೇಕು ಅಂತ ಮುಖ ನೋಡಿ ಹೇಳಬಲ್ಲವರು ಅವರೇ.

ಹೀಗೆ ಕೂರುವವರು ಅಕ್ಕಪಕ್ಕದವರ ಎದುರು ತಮ್ಮ ನಿಲುವು ಹೇಳಿಕೊಂಡಂತೆಯೇ. ಉಳಿದ ಪಕ್ಷದ ಏಜೆಂಟರು ಪಕ್ಕದಲ್ಲೇ ಕೂತಿರುತ್ತಾರೆ. ಅವರಲ್ಲಿ ಒಬ್ಬರು ಇವರ ಸೋದರಮಾವನೇ ಇರಬಹುದು. ಹಾಗಿದ್ದೂ ಕೂರುತ್ತೇನೆ ಅನ್ನುವವರ ಹಿಂದೆ ಕಡಿಮೆ ಅಂದರೂ ಒಂದೆರಡು ಮನೆ ಓಟು ಇರುತ್ತವೆ.

ಹಾಗಾಗಿ ಅಭ್ಯರ್ಥಿಯ ಕಚೇರಿಗೆ ಹೋಗಿ ಮರ್ಯಾದೆಯಿಂದ ಕೇಳಿ: "250 ಬೂತಲ್ಲಿ ಎಷ್ಟಕ್ಕೆ ಜನ ಸಿಕ್ಕಿದ್ದಾರೆ? ಪಟ್ಟಿ ಇದೆಯಾ?" 200 ಹೆಸರಿದ್ದರೆ, ಅದರಲ್ಲಿ ಯಾವುದೋ ಹತ್ತಕ್ಕೆ ಫೋನ್ ಮಾಡಿ ನೋಡಿ. ಎಂಟು ಜನ "ಹೌದು, ಕೂರ್ತೀನಿ" ಅಂದರೆ ಆ ಅಭ್ಯರ್ಥಿಯನ್ನು ಯಾರೂ ಹಗುರವಾಗಿ ನೋಡಬಾರದು. ಪಟ್ಟಿಯೇ ಇಲ್ಲ, "ಜನ ತಾವಾಗೇ ಬರ್ತಾರೆ" ಅಂದರೆ ಅಲೆ ಇನ್ನೂ ಮೊಬೈಲಿನಲ್ಲೇ ಇದೆ. ನಾವು ಓಡಾಡಿದ ಆ ಚುನಾವಣೆಯಲ್ಲಿ ನಮಗೆ ಮೂರರಲ್ಲಿ ಒಂದು ಬೂತಿಗೂ ಜನ ಸಿಗಲಿಲ್ಲ. ಸಭೆಗೆ ಮಾತ್ರ ಹಾಲ್ ತುಂಬಿತ್ತು.

ಹೆಜ್ಜೆ 6: ಯಾರ ಓಟು ಜಾಗ ಬಿಟ್ಟು ಬರುತ್ತಿದೆ?

ಮಂಡ್ಯಕ್ಕೆ ವಾಪಸು ಹೋಗೋಣ. ಆ ಚುನಾವಣೆಯಲ್ಲಿ "ನಿಖಿಲ್ ಎಲ್ಲಿದ್ದೀಯಪ್ಪಾ" ಅನ್ನುವ ಮಾತು ಇಡೀ ರಾಜ್ಯ ಸುತ್ತಿತು. ಸಿನಿಮಾ ಸಮಾರಂಭವೊಂದರಲ್ಲಿ ಕುಮಾರಸ್ವಾಮಿ ಮಗನನ್ನು ಕರೆದ ಹಳೇ ವಿಡಿಯೋ ಅದು. ಹೊರದೇಶದ ಕನ್ನಡಿಗರೂ ಹಂಚಿಕೊಂಡರು. ಫಲಿತಾಂಶ ಬಂದ ಮೇಲೆ ಬಹಳ ಜನ, ಟ್ರೋಲ್ ಮಾಡಿದ್ದರಿಂದಲೇ ಹಾಗಾಯಿತು ಅಂದರು. ನಾನು ಒಪ್ಪುವುದಿಲ್ಲ.

ಮೇಲಿಂದ ನೋಡಿದರೆ ಅಲ್ಲಿ ಪಕ್ಷೇತರರು ಗೆಲ್ಲುವ ಹಾಗೇ ಇರಲಿಲ್ಲ. ಮಂಡ್ಯ ಲೋಕಸಭೆಗೆ ಸೇರುವ ಎಂಟೂ ವಿಧಾನಸಭಾ ಕ್ಷೇತ್ರಗಳನ್ನು 2018ರಲ್ಲಿ ಜೆಡಿಎಸ್ ಗೆದ್ದಿತ್ತು. ಮೈತ್ರಿಯಿಂದ ಕಾಂಗ್ರೆಸ್ ಕೂಡ ಅಧಿಕೃತವಾಗಿ ನಿಖಿಲ್ ಪರ. ಆದರೆ ಕೆಳಗೆ ಓಟುಗಳು ಕದಲುತ್ತಿದ್ದವು. 2018ರ ನವೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಗೆ ಅಲ್ಲಿ ಸುಮಾರು 2.44 ಲಕ್ಷ ಮತ ಬಂದಿತ್ತು. ಈ ಸಲ ಆ ಪಕ್ಷ ಅಭ್ಯರ್ಥಿ ಹಾಕದೆ ಸುಮಲತಾ ಅವರಿಗೆ ಬೆಂಬಲ ಕೊಟ್ಟಿತು. ವರ್ಷಗಟ್ಟಲೆ ಜೆಡಿಎಸ್ ಜೊತೆ ಜಗಳವಾಡಿದ್ದ ಕಾಂಗ್ರೆಸ್ ಕಾರ್ಯಕರ್ತರಿಗೆ ಈ ಮೈತ್ರಿ ಒಗ್ಗಲಿಲ್ಲ. ಅವರು ತಮ್ಮ ಬಾವುಟ ಹಿಡಿದುಕೊಂಡೇ ಸುಮಲತಾ ಸಭೆಗೆ ಬಂದರು. ಮೇಲುಕೋಟೆ, ಪಾಂಡವಪುರದ ಕಡೆ ಬೇರು ಬಿಟ್ಟಿದ್ದ ರೈತ ಸಂಘ ಜೊತೆಗೆ ನಿಂತಿತು. ಇದೆಲ್ಲದರ ಮೇಲೆ, ಮೂರು ಸಲ ಅಲ್ಲಿಂದ ಸಂಸದರಾಗಿದ್ದ ಅಂಬರೀಶ್ ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ. ಸುಮಲತಾ ಪಕ್ಷಗಳ ಹೊರಗಿನವರಾಗಿದ್ದರು. ಊರಿಗೆ ಮಾತ್ರ ಸೊಸೆ.

ಬೆಂಗಳೂರು ಸೆಂಟ್ರಲ್‌ನಲ್ಲಿ ಹೀಗೆ ಯಾವ ಗುಂಪೂ ಜಾಗ ಬಿಟ್ಟು ಬರಲಿಲ್ಲ. ಬಿಜೆಪಿಯ ಪಿ.ಸಿ. ಮೋಹನ್‌ಗೆ ಹಾಕುವವರು ಅಲ್ಲೇ ಇದ್ದರು. ಬಿಜೆಪಿ ಬೇಡ ಅನ್ನುವವರಿಗೆ ಕಾಂಗ್ರೆಸ್‌ನ ರಿಜ್ವಾನ್ ಅರ್ಷದ್ ಇದ್ದರು. ಪ್ರಕಾಶ್ ರಾಜ್ ಮಾತು ಇಷ್ಟ ಆದವರಲ್ಲೂ ಎಷ್ಟೋ ಜನ "ಓಟು ಒಡೆದುಹೋಗುತ್ತೆ ಅಲ್ವಾ" ಅಂತ ಹೆದರಿದರು. ಪಕ್ಷೇತರರಿಗೆ ಬೀಳುವ ದೊಡ್ಡ ಪೆಟ್ಟು ಇದೇ. ಇಷ್ಟ ಇದ್ದವರೂ ಬಿಟ್ಟು ಹೋಗುತ್ತಾರೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದಕ್ಕೆ ಇಡಿ. ಹೋದ ಚುನಾವಣೆಯಲ್ಲಿ ಮೊದಲ ಮೂವರಿಗೆ ಬಂದ ಓಟು ಬರೆಯಿರಿ. ಒಂದೊಂದರ ಮುಂದೆ, ಇದರಲ್ಲಿ ಯಾರು, ಯಾವ ಕಾರಣಕ್ಕೆ ಈ ಸಲ ಬರುತ್ತಾರೆ ಅಂತ ಬರೆಯಿರಿ. ಸಂಘ, ಸಂಸ್ಥೆ, ಹಾಲಿನ ಡೈರಿಯ ನಿರ್ದೇಶಕರು, ಹೆಂಗಸರ ಸ್ವಸಹಾಯ ಗುಂಪು, ಟಿಕೆಟ್ ಸಿಗದೆ ಮುನಿಸಿಕೊಂಡ ಮುಖಂಡರು, ಹೀಗೆ. "ಯುವಕರು" ಅಂತ ಬರೆದರೆ ಏನೂ ಬರೆದ ಹಾಗಲ್ಲ.

ಹೆಜ್ಜೆ 7: ಕೊಂಡುತಂದ ಗದ್ದಲ ಬೇರೆ ಮಾಡಿ

ಇದು ಬೇಗ ಮುಗಿಯುವ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳಿಗೆ ಮೆಟಾ ಕಂಪನಿಯ ಆ್ಯಡ್ ಲೈಬ್ರರಿ ಇದೆ. ಯೂಟ್ಯೂಬ್‌ಗೆ ಗೂಗಲ್‌ನ ಇಂಥದೇ ಪುಟ ಇದೆ. ಅಭ್ಯರ್ಥಿಯ ಹೆಸರು ಹಾಕಿ ಹುಡುಕಿದರೆ ಯಾವ ಪುಟ ಎಷ್ಟು ಖರ್ಚು ಮಾಡುತ್ತಿದೆ ಅಂತ ಅಂದಾಜು ಸಿಗುತ್ತದೆ. ಅಭ್ಯರ್ಥಿ ಕೊಡುವ ಅಫಿಡವಿಟ್‌ನಲ್ಲಿ ಅವರ ಸೋಷಿಯಲ್ ಮೀಡಿಯಾ ಖಾತೆಗಳ ವಿವರವೂ ಇರುತ್ತದೆ. ಅದರಲ್ಲಿಲ್ಲದ ಹತ್ತು ಪುಟಗಳು ಒಂದೇ ಪೋಸ್ಟನ್ನು ಒಂದೇ ಹೊತ್ತಿಗೆ ಹಾಕುತ್ತಿದ್ದರೆ ಅದು ಜನರ ದನಿ ಅಲ್ಲ.

ಹಾಗಂತ ಆನ್‌ಲೈನ್ ಹುರುಪೆಲ್ಲ ಟೊಳ್ಳು ಅಂತ ತೀರ್ಮಾನ ಮಾಡಲೂಬಾರದು. 2015ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಕಣಕ್ಕಿಳಿದಾಗ ಬಹಳ ಪಂಡಿತರು ಇದು ಬರೀ ಗದ್ದಲ ಅಂದರು. ಒಂದೆರಡು ತಿಂಗಳೊಳಗೆ ಫೋನ್ ಮಾಡಿ ಕೇಳುವ ಸಮೀಕ್ಷೆಗಳಲ್ಲೂ ಅವರೇ ಮುಂದಿದ್ದರು. ಆನ್‌ಲೈನಿನಲ್ಲಿ ಕಂಡದ್ದು ಅದರ ಹೊರಗೂ ಕಂಡರೆ ನಂಬಿ.

ಹೆಜ್ಜೆ 8: ಅಭಿಮಾನ ನಿಜ, ಆದರೆ ಕಡಿಮೆ ಅಂತ ಗೊತ್ತಾದರೆ?

ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇರುವ ಹುರುಪನ್ನು ಓಟಿನ ಜಾಗಕ್ಕೆ ತನ್ನಿ.

ಗ್ರೂಪಿನಲ್ಲಿ ಇಲ್ಲೇ ವಾಸವಿದ್ದು ಬೇರೆ ಕಡೆ ಓಟು ಇರುವವರು 8ನೇ ನಮೂನೆ ತುಂಬಿ ವಿಳಾಸ ಬದಲಿಸಿಕೊಳ್ಳಬಹುದು. ಎಲ್ಲೂ ಇಲ್ಲದವರು 6ನೇ ನಮೂನೆ. ಈಗ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ 18 ತುಂಬಿದವರಿಗೆ ಅವಕಾಶ ಇದೆ. ಚುನಾವಣೆ ಘೋಷಣೆ ಆಗುವ ತನಕ ಕಾಯಬೇಡಿ. ಹೊರ ಊರಿನವರಿಗೆ ಬೇರೆ ಕೆಲಸ ಕೊಡಿ. ಕ್ಷೇತ್ರದಲ್ಲಿರುವ ತಮ್ಮ ನೆಂಟರು, ಹಳೇ ಸ್ನೇಹಿತರು ಅಂತ ಒಬ್ಬೊಬ್ಬರು ಐದು ಜನಕ್ಕೆ ಫೋನ್ ಮಾಡಲಿ. ಮೆಸೇಜ್ ಕಳಿಸುವುದಲ್ಲ, ಫೋನ್ ಮಾಡಿ ಮಾತಾಡುವುದು.

ಇರುವ ಜನರನ್ನು 250 ಬೂತಿಗೆ ಹರಡಬೇಡಿ. ಪಕ್ಕಪಕ್ಕದ 30 ಬೂತು ಹಿಡಿಯಿರಿ. ಅಥವಾ ಗ್ರಾಮ ಪಂಚಾಯತಿ, ವಾರ್ಡು ಮಟ್ಟದ ಚುನಾವಣೆಯಿಂದ ಶುರು ಮಾಡಿ. ಅಲ್ಲಿ ಕೆಲವು ನೂರು ಓಟುಗಳೇ ಸೋಲು ಗೆಲುವು ತೀರ್ಮಾನ ಮಾಡುತ್ತವೆ. ಗುಂಪು ಚಿಕ್ಕದಾದರೂ ಗಟ್ಟಿಯಾಗಿದ್ದರೆ ಅದಕ್ಕೆ ತಕ್ಕ ಜಾಗ ಇದ್ದೇ ಇರುತ್ತದೆ. ರಾನ್ ಪಾಲ್ ಬೆಂಬಲಿಗರು ಅದನ್ನೇ ಕಲಿತರು. 2012ರಲ್ಲಿ ಅಯೋವಾದಲ್ಲಿ ನೂರಕ್ಕೆ 21 ಓಟು ಪಡೆದು ರಾನ್ ಪಾಲ್ ಮೂರನೇ ಸ್ಥಾನದಲ್ಲಿದ್ದರು. ಉಳಿದವರು ಓಟು ಹಾಕಿ ಮನೆಗೆ ಹೋದ ಮೇಲೂ ಅವರ ಬೆಂಬಲಿಗರು ಪಕ್ಷದ ಸ್ಥಳೀಯ ಸಭೆಗಳಲ್ಲಿ ಕೂತರು. ಕೊನೆಗೆ, ಪಕ್ಷದ ಅಭ್ಯರ್ಥಿಯನ್ನು ತೀರ್ಮಾನಿಸುವ ರಾಷ್ಟ್ರೀಯ ಸಮಾವೇಶಕ್ಕೆ ಆ ರಾಜ್ಯದಿಂದ ಹೋದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ರಾನ್ ಪಾಲ್ ಕಡೆಯವರೇ ಆಗಿದ್ದರು.

ಹೆಜ್ಜೆ 9: ಫಲಿತಾಂಶದ ಮಾರನೇ ವಾರ

ಸೋತರೆ ಗ್ರೂಪು ಖಾಲಿಯಾಗುತ್ತದೆ. ಗೆದ್ದರೆ ಹಾರ ತುರಾಯಿಯಲ್ಲಿ ಮರೆತುಹೋಗುತ್ತದೆ. ನೀವು ಮಾತ್ರ ನಮೂನೆ 20 ತೆಗೆದು ಕೂತುಕೊಳ್ಳಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಸಾಲು ಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಹಾಕುತ್ತಾರೆ.

ನೀವು ನಡೆದ ಐದು ಬೂತುಗಳ ಸಂಖ್ಯೆ ಹುಡುಕಿ, ನಿಮ್ಮ ಅಂದಾಜಿನ ಪಕ್ಕ ನಿಜವಾದ ಅಂಕಿ ಬರೆಯಿರಿ. ಏಜೆಂಟ್ ಕೂತಿದ್ದ ಬೂತುಗಳನ್ನು ಒಂದು ಕಡೆ, ಕೂರದವನ್ನು ಇನ್ನೊಂದು ಕಡೆ ಕೂಡಿ. ನಾನೂ ಮೇಷ್ಟ್ರೂ ಅವರ ಮನೆ ಜಗಲಿಯಲ್ಲಿ ಕೂತು ಹೀಗೆ ಲೆಕ್ಕ ಹಾಕಿದ್ದೆವು. ಬಹಳ ಕಡೆ ಎರಡಂಕಿಯೂ ಇರಲಿಲ್ಲ. ಒಂದು ಬೂತಿನಲ್ಲಿ ಮಾತ್ರ 131. ಯಾವುದಪ್ಪಾ ಇದು ಅಂತ ನೋಡಿದರೆ, ನಮ್ಮ ಜೊತೆ ಓಡಾಡಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರ ತಂಗಿ ಏಜೆಂಟಾಗಿ ಕೂತಿದ್ದ ಬೂತು. ಆ ಹುಡುಗಿಯ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ, ನಮ್ಮ ಗ್ರೂಪಿನಲ್ಲಿ ಆಕೆಯ ಹೆಸರೇ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದಿಟ್ಟು, "ನಾಳೆ ಬೆಳಿಗ್ಗೆ ಆ ಮಗೂನ ನೋಡಿ ಬರೋಣ" ಅಂದರು.